ಸರ್ಕಾರಿ ಅಸ್ತರಿನ ಕೌದಿ

ಸಾಲಿಗ್ರಾಮದ ದರ್ಜಿ ಗೌಸ್ ಆ ಬೆಡ್‌ಶೀಟನ್ನು ಅಂಗಡಿಯ ಗೂಟಕ್ಕೇ ನೇತುಹಾಕಿ ಸುಮ್ಮನಿದ್ದಿದ್ದರೆ ಯಾವ ರಗಳೆಯೂ ಆಗುತ್ತಿರಲಿಲ್ಲ. ಆದರೆ ಅದು ಹಾಲಿನಂಥ ಬಿಳಿ ಬಟ್ಟೆ, ಅಂಗಡಿಯ ಮಗ್ಗುಲಲ್ಲೇ ಎಣ್ಣೆಯ ಗಾಣ. ಕೊಳೆಯಾದೀತೆಂದು ಹೆದರಿ ಅದನ್ನು ಎಳೆಗೂಸಿನ ಹಾಗೆ ಎರಡು ಕೈಯಲ್ಲೂ ಎತ್ತಿಕೊಂಡು ಮನೆಗೆ ತಂದ, ಮಂಚದ ಕೆಳಗಿನ ತಗಡಿನ ಟ್ರಂಕಿನಲ್ಲಿಟ್ಟ, ಆಮೇಲೆ ಮರೆತೇಬಿಟ್ಟ. ಜೋಪಾನ ಮಾಡಿದ್ದೇ ಅವನಿಗೆ ಮುಳುವಾಯಿತು.

ಆ ಟ್ರಂಕಿನ ವಿಷಯ ಸ್ವಲ್ಪ ಹೇಳಬೇಕು. ಗೌಸ್ ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಯಾರ ಮೇಲೂ ದನಿಯೆತ್ತಿದವನಲ್ಲ, ಬಡವರ ಹರಕು ಅಂಗಿಯನ್ನು ಪುಕ್ಕಟೆ ಹೊಲಿದುಕೊಟ್ಟವನು. ಕತ್ತರಿ ಹಿಡಿದಾಗ ಮಾತ್ರ ಅವನ ಕೈಗೊಂದು ಚಾಳಿ. ಯಾರು ಎಷ್ಟೇ ಬಟ್ಟೆ ತಂದುಕೊಡಲಿ, ಅದರಲ್ಲಿ ಒಂದು ತುಂಡು ಉಳಿಯಲೇಬೇಕು, ಉಳಿದ ತುಂಡು ಆ ಟ್ರಂಕಿಗೆ ಸೇರಲೇಬೇಕು. "ಇದೆಲ್ಲಿಂದ ಬಂತು?" ಎಂದು ಹೆಂಡತಿ ಖುರ್ಷೀದಾ ಕೇಳಿದರೆ "ಉಳೀತು" ಎನ್ನುತ್ತಿದ್ದ. ಗಿರಾಕಿಗಳು ಕೇಳಿದರೆ "ಬಟ್ಟೆ ಸಾಲ್ದೇ ಬಂತು ಕಣ್ರೀ, ಎಂಗೋ ಒಂದಿಸ್ದೆ" ಎಂದು ಹಣೆಯ ಬೆವರು ಒರೆಸಿಕೊಳ್ಳುತ್ತಿದ್ದ.

ಹೀಗಾಗಿ ಸಾಲಿಗ್ರಾಮದ ಗಂಡಸರ ಅಂಗಿಗಳಿಗೆ ಜೇಬಿರಲಿಲ್ಲ. ಹೆಂಗಸರ ರವಿಕೆಯ ತೋಳು ಮೊಳಕೈಯನ್ನು ದೂರದಿಂದಲೇ ನೋಡಿ ಹಿಂದಿರುಗುತ್ತಿತ್ತು. "ಮೈಸೂರಲ್ಲಿ ಈಗ ಇಂಗೇ ನಡೀತಿರೋದು" ಎಂದು ಗೌಸ್ ಹೇಳಿದ್ದನ್ನು ಊರು ನಂಬಿತ್ತು. ಮೈಸೂರಿಗೆ ಹೋಗಿಬಂದವರು ಅಲ್ಲಿ ಎಲ್ಲರ ಅಂಗಿಗೂ ಜೇಬಿದ್ದದ್ದನ್ನು ಕಂಡು, ಪಾಪ, ಮೈಸೂರಿನವರು ಹಿಂದೆ ಬಿದ್ದಿದ್ದಾರೆ ಅಂದುಕೊಂಡು ಬರುತ್ತಿದ್ದರು.

ಇಷ್ಟೆಲ್ಲ ಆಗಿಯೂ ಸುತ್ತಲ ಹಳ್ಳಿಗಳಲ್ಲಿ ಅವನಿಗಿದ್ದ ಹೆಸರು ಎಂಥದು ಗೊತ್ತೆ? ಗಿರಾಕಿಯ ಒಂದೆಳೆ ನೂಲನ್ನೂ ಮುಟ್ಟದ ದರ್ಜಿ! ಚುಂಚನಕಟ್ಟೆ, ಮಿರ್ಲೆ, ಭೇರ್ಯದವರು ತಮ್ಮೂರಿನ ದರ್ಜಿಗಳ ಬಾಗಿಲು ದಾಟಿಕೊಂಡು ಇವನ ಅಂಗಡಿಗೆ ಬರುತ್ತಿದ್ದರು. ಬಟ್ಟೆಯನ್ನು ಅಳೆಯದೆ ಅವನ ಕೈಗೆ ಹಾಕಿ "ನಿನ್ ಕೈ ಮೇಲೆ ನಂಬ್ಕೆ ಕಣಣ್ಣ" ಎಂದು ಹೇಳಿ ಹೋಗುತ್ತಿದ್ದರು. ಆ ಹೆಸರಿನಿಂದಲೇ ಗೌಸನ ಮನೆಯಲ್ಲಿ ಒಲೆ ಉರಿಯುತ್ತಿತ್ತು. ಹೆಸರು ಕೆಟ್ಟರೆ ಹೊಲಿಗೆ ಯಂತ್ರವನ್ನು ಕೋಳಿ ಕೂರುವುದಕ್ಕೆ ಬಿಡಬೇಕಾದೀತೆಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಇನ್ನು ಆ ಬೆಡ್‌ಶೀಟು. ಕಾಲುವೆಯ ನೀರು ಗದ್ದೆಗಳಲ್ಲಿ ನಿಂತು ಆ ಸೀಮೆಗೆಲ್ಲ ಸೊಳ್ಳೆಯ ಕಾಟ, ಚಳಿಜ್ವರ. ಜನಕ್ಕೆ ಬುದ್ಧಿ ಹೇಳುವುದಕ್ಕೆಂದು ಮಹಾರಾಜರ ಸರ್ಕಾರ ಆರೋಗ್ಯದ ಇನ್‌ಸ್ಪೆಕ್ಟರ್ ನೀಲಕಂಠಸ್ವಾಮಿಯವರ ಕೈಗೆ ಒಂದು ಮ್ಯಾಜಿಕ್ ಲ್ಯಾಂಟರ್ನ್ ಕೊಟ್ಟಿತ್ತು. ಗಾಜಿನ ಮೇಲೆ ಬರೆದ ಚಿತ್ರವನ್ನು ದೀಪದ ಬೆಳಕಿನಲ್ಲಿ ಪರದೆಯ ಮೇಲೆ ದೊಡ್ಡದಾಗಿ ಬಿಡುವ ಯಂತ್ರ ಅದು. ಪರದೆಯನ್ನು ಮಾತ್ರ ಸರ್ಕಾರ ಕೊಟ್ಟಿರಲಿಲ್ಲ. ಇನ್‌ಸ್ಪೆಕ್ಟರು ಮೈಸೂರಿನಿಂದ ಜೋಡಿ ಮಂಚದ ಬೆಡ್‌ಶೀಟೊಂದನ್ನು ತರಿಸಿ, ಅಂಚು ಮಡಿಸಿ ಹೊಲಿದು ಮೇಲೆ ಕುಣಿಕೆ ಹಾಕಿಕೊಡು ಎಂದು ಗೌಸನಿಗೆ ಕೊಟ್ಟಿದ್ದರು. ಗೌಸ್ ಅಂಚನ್ನೂ ಕುಣಿಕೆಯನ್ನೂ ಅಂದೇ ಹೊಲಿದು ಮುಗಿಸಿದ್ದ.

ಒಂದು ದಿನ ಮಧ್ಯಾಹ್ನದ ಮೇಲೆ ಇನ್‌ಸ್ಪೆಕ್ಟರ ಜವಾನ ಸಣ್ಣಬೀರಯ್ಯ ತಮಟೆ ಬಡಿದುಕೊಂಡು ಬಂದು ಅಂಗಡಿಯ ಮುಂದೆ ನಿಂತ.

"ಗೌಸಣ್ಣ, ಪರದೆ ತಕ್ಕೊಡು. ಸಾಯೇಬ್ರು ಬಂದವ್ರೆ. ಇವತ್ತು ದೀಪ ಅಚ್ಚೋ ವತ್ಗೆ ಸಂತೆಮಾಳದಲ್ಲಿ ಸೊಳ್ಳೆ ತೋರಿಸ್ತಾರೆ."

"ಸೊಳ್ಳೆ ತೋರ್ಸಕ್ಕೆ ಸರ್ಕಾರ ಯಾಕಪ್ಪ? ನಮ್ಮನೆಗೆ ಬಾ, ನಾನೇ ತೋರಿಸ್ತೀನಿ."

"ಇದು ಎಮ್ಮೆ ಗಾತ್ರದ್ದು ಕಣಣ್ಣ! ನಡಿ ನಡಿ, ತಕ್ಕೊಡು."

ಗೌಸ್ ನಗುತ್ತಲೇ ಮನೆಗೆ ಹೋದ. ಟ್ರಂಕಿನ ಮುಚ್ಚಳ ತೆಗೆದ ಮೇಲೆ ನಗು ನಿಂತಿತು. ಟ್ರಂಕಿನಲ್ಲಿ ಒಂದು ದಾರದ ಉಂಡೆ ಬಿಟ್ಟರೆ ಏನೇನೂ ಇರಲಿಲ್ಲ.

"ಖುರ್ಷೀದಾ! ಇಲ್ಲಿ ಒಂದು ಬಿಳಿ ಚಾದರ ಇತ್ತಲ್ಲ?"

"ಇತ್ತು," ಎಂದಳು ಖುರ್ಷೀದಾ ಹಿತ್ತಿಲಿನಿಂದ. ಅವಳ ದನಿಯಲ್ಲಿ ಬಹಳ ಸಂತೋಷವಿತ್ತು. "ಬನ್ನಿ, ನೋಡಿ ಬನ್ನಿ."

ಹಿತ್ತಿಲ ಗೋಡೆಯ ಮೇಲೆ ಹೊಸ ಕೌದಿಯೊಂದು ಬಿಸಿಲು ಕಾಯುತ್ತಿತ್ತು. ಹೊರಮುಖವೆಲ್ಲ ಬಣ್ಣಬಣ್ಣದ ತುಂಡುಗಳು: ರವಿಕೆಯ ಹಸಿರು ಕಣ, ಕೆಂಪು ಪಟ್ಟೆ, ನೀಲಿ ಹೂವು, ಹಳದಿ ಸಾಟಿನ್ನು. ಟ್ರಂಕಿನಲ್ಲಿದ್ದದ್ದೆಲ್ಲ ಅಲ್ಲಿತ್ತು. ಖುರ್ಷೀದಾ ಕೌದಿಯನ್ನು ಹೆಮ್ಮೆಯಿಂದ ಮಗುಚಿ ಹಾಕಿದಳು. ಹಿಂಬದಿಗೆ ಅಂಚಿನಿಂದ ಅಂಚಿಗೆ ಒಂದೇ ಬಿಳಿ ಬಟ್ಟೆ, ಮೇಲಂಚಿನಲ್ಲಿ ಗೌಸನೇ ಹಾಕಿದ ಕುಣಿಕೆಗಳು.

"ಎಷ್ಟು ಕಾಲದಿಂದ ಬಡ್ಕೊಂಡೆ, ಕೌದಿಗೆ ಒಂದೇ ತುಂಡಿನ ಅಸ್ತರು ಬೇಕು ಅಂತ! ಹಳೇ ಲುಂಗಿ ಜೋಡಿಸಿ ಹಾಕಿದರೆ ಹೊಲಿಗೆ ಎಲ್ಲ ಬೆನ್ನಿಗೆ ಒತ್ತುತ್ತೆ. ಇದು ನೋಡಿ, ಒಂದೂ ಜೋಡಣೆ ಇಲ್ಲ. ಕುಣಿಕೆ ಬೇರೆ ಇಟ್ಟಿದ್ದೀರ, ಗೂಟಕ್ಕೆ ಹಾಕಿ ಒಣಗಿಸೋಕೆ."

ಗೌಸ್ ತಲೆಯ ಮೇಲೆ ಕೈಹೊತ್ತು ಒರಳುಕಲ್ಲಿನ ಮೇಲೆ ಕುಸಿದ. "ಅದು ಇನ್‌ಸ್ಪೆಕ್ಟರ್ ಸಾಹೇಬರದು ಕಣೇ!"

"ಟ್ರಂಕಲ್ಲಿರೋದೆಲ್ಲ ಯಾರೋ ಒಬ್ಬರದೇ ಅಲ್ವಾ?" ಎಂದಳು ಖುರ್ಷೀದಾ ಮುಗ್ಧವಾಗಿ. "ನೀವು ದಿನಾ ಉಳೀತು ಉಳೀತು ಅಂತ ತರ್ತೀರ. ಈ ಸಲ ಪೂರಾ ಚಾದರಾನೇ ಉಳೀತು ಅಂದ್ಕೊಂಡೆ."

ಗೌಸ್ ಒರಳುಕಲ್ಲಿನಿಂದ ಎದ್ದ. ಒಳಗಿಂದ ಕತ್ತರಿ ತಂದು ಒಂದು ಮೂಲೆಯಲ್ಲಿ ಹೊಲಿಗೆ ಬಿಚ್ಚಲು ಕೂತ. ಖುರ್ಷೀದಾಳ ಕೈಹೊಲಿಗೆ ಅಂದರೆ ಇರುವೆ ಸಾಲು. ಇವತ್ತು ಬಿಚ್ಚಲು ಶುರುಮಾಡಿದರೆ ಮುಂದಿನ ರಂಜಾನಿಗೆ ಮುಗಿಯುವ ಲಕ್ಷಣವಿತ್ತು. ಅವನು ಇನ್ನೂ ಮೊದಲ ಸಾಲಿನಲ್ಲೇ ಒದ್ದಾಡುತ್ತಿರುವಾಗ ಗೋಡೆಯಾಚೆಯಿಂದ ಸಣ್ಣಬೀರಯ್ಯನ ರುಮಾಲು ಮೇಲೆದ್ದಿತು, ಅದರ ಹಿಂದೆ ಸಣ್ಣಬೀರಯ್ಯನೂ ಎದ್ದ.

"ಇಲ್ಲೇ ಬಿಸ್ಲಿಗಾಕಿ ಮಡಿಗಿದ್ದೀಯಲ್ಲಣ್ಣ! ನಾನು ಅಲ್ಲಿ ನಿಂತೂ ನಿಂತೂ ಬೇರು ಬುಟ್ಟೋದೆ." ಬಿಳಿಯ ಮುಖ ಮೇಲಾಗಿದ್ದ ಕೌದಿಯನ್ನು ಅವನು ಗೋಡೆಯಿಂದ ಎಳೆದುಕೊಂಡು, ಸುತ್ತಿ, ಹೆಗಲಿಗೇರಿಸಿ ಒಂದು ಸಲ ಮುಗ್ಗರಿಸಿದ. "ಅಪ್ಪಾ! ಏನಣ್ಣ ಇದು, ಎತ್ತಿನ ನೊಗ ಇದ್ದಂಗದೆ?"

"ಅಸ್ತರು ಕೊಟ್ಟಿದ್ದೀನಪ್ಪ," ಎಂದುಬಿಟ್ಟ ಗೌಸ್. ಬಾಯಿಗೆ ಬಂದ ಮಾತು ಅದೊಂದೇ.

ಇನ್‌ಸ್ಪೆಕ್ಟರು ಸಂತೆಮಾಳದಲ್ಲಿ ಕಾದಿದ್ದರು. ಹಿಂದೆಯೇ ಓಡಿಬಂದ ಗೌಸ್ ಅವರು ಮೂಲೆ ಮಗುಚಿ ನೋಡದಂತೆ ಸುರುಳಿಯನ್ನು ತಬ್ಬಿಕೊಂಡು ನಿಂತ.

"ಏನಯ್ಯಾ ಇದು ಇಷ್ಟು ದಪ್ಪ? ನಾನು ಕೊಟ್ಟದ್ದು ಬರೀ ಚಾದರ ಅಲ್ವೆ?"

"ಅಸ್ತರು ಸ್ವಾಮಿ. ನಮ್ಮ ಹೊಳೆ ಕಡೆ ಗಾಳಿ ಬಹಳ. ಬರೀ ಚಾದರ ಪಟಪಟ ಅಂತ ಬಡಿದಾಡುತ್ತೆ, ಅದರ ಮೇಲಿರೋ ಸೊಳ್ಳೇನೂ ಕುಣಿದಾಡುತ್ತೆ. ಸರ್ಕಾರಿ ಸೊಳ್ಳೆ ಕುಣಿದರೆ ಚೆನ್ನಾಗಿರಲ್ಲ ಅಂತ ನಾನೇ ಯೋಚನೆ ಮಾಡಿ ಹಾಕಿದೆ."

ನೀಲಕಂಠಸ್ವಾಮಿಯವರ ಮುಖ ಅರಳಿತು. ಹಿಂದೆ ಒಂದು ಊರಿನಲ್ಲಿ ಎರವಲು ಪಂಚೆಯ ಪರದೆ ಗಾಳಿಗೆ ಹಾರಿ ಅಲ್ಲಿನ ಶ್ಯಾನುಭೋಗರ ಮೇಲೆ ಮುಸುಕುಹಾಕಿತ್ತಂತೆ. "ಭೇಷ್! ಮುಂದಾಲೋಚನೆ ಅಂದರೆ ಇದು," ಎಂದು ಹೊಗಳಿದರು. ಹೊಗಳಿಕೆ ಕೇಳಿ ಗೌಸನಿಗೆ ಬೆವರು ಇನ್ನಷ್ಟು ಕಿತ್ತುಕೊಂಡಿತು.

ಕೌದಿಯನ್ನು ತಾನೇ ಕಟ್ಟುತ್ತೇನೆಂದು ಹಠಹಿಡಿದು ಅವನು ಮಾಳದ ಬದಿಯ ಚಾವಡಿಯ ಗೋಡೆಗೆ ಒತ್ತಿ ಕಟ್ಟಿದ. ಬಿಳಿ ಬದಿ ಜನಕ್ಕೆ, ಬಣ್ಣದ ಬದಿ ಗೋಡೆಗೆ. ಗೋಡೆಗೆ ಕಣ್ಣಿಲ್ಲ, ಅದು ಯಾವತ್ತೂ ರವಿಕೆ ಹೊಲಿಸಿದ್ದೂ ಇಲ್ಲ. ಸೊಳ್ಳೆಯ ಆಟ ಮುಗಿಯುವುದಕ್ಕೂ ಇದನ್ನು ಬಿಚ್ಚಿ ಮನೆಗೆ ಓಡುವುದಕ್ಕೂ ಸರಿಹೋಗುತ್ತದೆ ಎಂದು ಅವನು ಮೊದಲ ಬಾರಿಗೆ ನೆಮ್ಮದಿಯ ಉಸಿರುಬಿಟ್ಟ.

ಬಿಟ್ಟ ಉಸಿರು ಪೂರ್ತಿ ಹೊರಬರುವ ಮೊದಲೇ ಪಟೇಲರ ಅಕ್ಕ ಚಾಮುಂಡಮ್ಮ ಹೆಂಗಸರ ದಂಡು ಕಟ್ಟಿಕೊಂಡು ಬಂದರು. ಆ ಊರಲ್ಲಿ ಪಟೇಲರ ಮಾತು ನಡೆಯುತ್ತಿತ್ತು, ಚಾಮುಂಡಮ್ಮನವರು ಊರಲ್ಲಿ ಇಲ್ಲದಿದ್ದಾಗ.

"ಗೋಡೆಗೆ ಕಟ್ಟವ್ರಲ್ಲ, ನಾವೆಲ್ಲಿ ಕೂರೋದು?" ಎಂದು ಅವರು ಸೊಂಟದ ಮೇಲೆ ಕೈಯಿಟ್ಟರು. "ಗಂಡಸ್ರ ಪಕ್ದಲ್ಲಿ ಕುಂತ್ಕೊಂಡು ಸೊಳ್ಳೆ ನೋಡ್ಬೇಕಾ? ಪರದೆ ಮದ್ಯಕ್ಕೆ ಬರ್ಲಿ. ಈ ಕಡೆ ಅವ್ರು, ಆ ಕಡೆ ನಾವು. ಬ್ಯಾರೆ ಊರಲ್ಲೆಲ್ಲ ಅಂಗೇ ನಡ್ದಿರೋದು."

ಅದು ನಿಜ. ತೆಳ್ಳನೆಯ ಪರದೆಯಾದರೆ ಚಿತ್ರ ಹಿಂದಿನಿಂದಲೂ ಕಾಣುತ್ತದೆ. ಎಡ ಬಲವಾಗುತ್ತದೆ, ಅಷ್ಟೆ. ಬುರ್ಖಾದೊಳಗಿನಿಂದ ಬಷೀರಾಬಿಯೂ "ಹೌದೌದು, ಹಿಂದೆ ಆದರೇನೇ ನಾವು ಬರೋದು" ಎಂದಳು. ಅವಳ ಪಕ್ಕದ ಬುರ್ಖಾ ಮಾತ್ರ ತುಟಿಪಿಟಿಕ್ಕೆನ್ನಲಿಲ್ಲ. ಅದು ಖುರ್ಷೀದಾ.

"ಬೇಡ ಸ್ವಾಮಿ, ಗೋಡೆಗೇ ಇರಲಿ, ಮಧ್ಯದಲ್ಲಿ ಗಾಳಿ..." ಎಂದು ಗೌಸ್ ಬೇಡಿಕೊಂಡ.

"ಅಸ್ತರು ಹಾಕಿದ್ದೀಯಲ್ಲಯ್ಯಾ, ಗಾಳಿ ಏನು ಮಾಡುತ್ತೆ?" ಎಂದರು ಇನ್‌ಸ್ಪೆಕ್ಟರು. "ನೀರಿನ ತೊಟ್ಟಿ ಮುಚ್ಚೋರು ಹೆಂಗಸರು. ಅವರೇ ನೋಡದಿದ್ದರೆ ನಾನು ಇಲ್ಲಿಗೆ ಬಂದು ಏನು ಪ್ರಯೋಜನ?"

ಎರಡು ಬಿದಿರ ಗಳ ನೆಟ್ಟು ಕೌದಿಯನ್ನು ಮಾಳದ ನಡುವೆ ಏರಿಸಿದರು. ಹೊತ್ತು ಮುಳುಗಿ ಮಬ್ಬು ಕವಿಯುತ್ತಿತ್ತು, ಹೆಂಗಸರು ಚಾಪೆಯ ಜಾಗಕ್ಕೆ ಜಗಳವಾಡುವುದರಲ್ಲಿ ಮುಳುಗಿದ್ದರು. ಯಾರೂ ತಲೆಯೆತ್ತಿ ನೋಡಲಿಲ್ಲ. ಗೌಸ್ ಕೌದಿಯ ಹಿಂದೆ ಎರಡೂ ತೋಳು ಚಾಚಿಕೊಂಡು, ಪೈರು ಕಾಯುವ ಬೆದರುಗೊಂಬೆಯ ಹಾಗೆ ನಿಂತ.

"ನೀನೇನ್ಲಾ ಎಂಗಸ್ರ ಮದ್ಯ?" ಎಂದರು ಚಾಮುಂಡಮ್ಮ.

"ಗಾಳಿ ಬಂದ್ರೆ ಇಡ್ಕೊಳ್ಳೋಣ ಅಂತ ತಾಯಿ..."

"ಗಾಳೀನೂ ಬ್ಯಾಡ, ನೀನೂ ಬ್ಯಾಡ. ಓಗು ಆ ಕಡೆ!"

ಗೌಸ್ ಆ ಕಡೆ ಹೋದ. ಕತ್ತಲಾಗಲಿ, ಬೇಗ ಕತ್ತಲಾಗಲಿ ಎಂದು ಅಲ್ಲಾನನ್ನು ಬೇಡಿಕೊಂಡ. ಕತ್ತಲಾಯಿತು. ಇನ್‌ಸ್ಪೆಕ್ಟರು ದೀಪ ಹಚ್ಚಿದರು. ಬಿಳಿಯ ಪರದೆಯ ಮೇಲೆ ಸೊಳ್ಳೆಯೊಂದು ಭಾರಿ ಗಾತ್ರದಲ್ಲಿ ಎದ್ದು ನಿಂತಿತು. ಖುರ್ಷೀದಾಳ ಹೊಲಿಗೆಯ ಸಾಲುಗಳ ಮೇಲೆ ಅದು ಉತ್ತ ಹೊಲದಲ್ಲಿ ನಿಂತ ಎಮ್ಮೆಯ ಹಾಗೇ ಕಾಣುತ್ತಿತ್ತು. ಗಂಡಸರೆಲ್ಲ "ಅಬ್ಬಬ್ಬಾ!" ಎಂದರು. ಗಾಳಿ ಬೀಸಿತು, ಆದರೆ ಸೊಳ್ಳೆ ಮಿಸುಕಲಿಲ್ಲ. ಇನ್‌ಸ್ಪೆಕ್ಟರು ಗೌಸನ ಕಡೆ ನೋಡಿ ತಲೆದೂಗಿದರು.

ಆ ಕಡೆಯಿಂದ ಮಾತ್ರ ಗೊಣಗಾಟ ಶುರುವಾಗಿತ್ತು.

"ಏನೂ ಕಾಣಾಕಿಲ್ವಲ್ಲ!"

"ಸೊಳ್ಳೆ ಇನ್ನೂ ಬಂದಿಲ್ವೇನೋ."

"ಬಂದದೆ, ನನ್ ಕಾಲಿಗೆ ಕಚ್ತಾ ಅದೆ. ಪರದೇಲಿ ಇಲ್ಲ ಕಣ್ರವ್ವ."

"ಯಾರಾದ್ರೂ ಒಂದು ಲಾಟೀನು ತನ್ನಿ," ಎಂದಿತು ಚಾಮುಂಡಮ್ಮನವರ ದನಿ. "ಇದಕ್ಕೇನಾಗದೆ ನೋಡ್ತೀನಿ."

ಗೌಸನ ಎದೆ ಒಂದು ಹೊಲಿಗೆ ಹಾಕುವುದನ್ನು ಮರೆಯಿತು. ಲಾಟೀನಿನ ಬೆಳಕು ಪರದೆಯ ಹಿಂದೆ ಆ ತುದಿಯಿಂದ ಈ ತುದಿಗೆ ನಿಧಾನವಾಗಿ ಹರಿಯಿತು. ಆಮೇಲೆ ಚಾಮುಂಡಮ್ಮನವರ ದನಿ ಕೇಳಿತು, ಬಹಳ ಮೆಲ್ಲಗೆ.

"ಇದು ನನ್ ರವಿಕೆ ಕಣ."

"ಏನಂದ್ರಿ?"

"ಈ ಅಸ್ರು ಕಣ, ಕೆಂಪು ಅಂಚು. ನನ್ ತಮ್ಮನ ಮಗಳ ಮದ್ವೇಲಿ ತೊಟ್ಟಿದ್ದು. ತೋಳಿಗೆ ಸಾಲ್ದೇ ಬಂತು ಅಂದಿದ್ದ, ಮುಂಡೇದು! ಇಲ್ಲಿ ನೋಡಿದ್ರೆ ಇಡೀ ತೋಳು ನೇತಾಡ್ತಾ ಅದೆ!"

ಬೇರೆ ಬೇರೆ ಕಡೆಯಿಂದ ಲಾಟೀನುಗಳು ಬಂದವು. ಚಿಕ್ಕಸಿದ್ದಮ್ಮ ಗಂಡನ ಅಂಗಿಯ ಪಟ್ಟೆಯನ್ನು ಕಂಡುಹಿಡಿದಳು. "ಜೇಬಿಲ್ದೆ ನನ್ ಗಂಡ ನಶ್ಯದ ಡಬ್ಬೀನ ಬಾಯಾಗೆ ಕಚ್ಕೊಂಡು ತಿರುಗ್ತಾನೆ, ಇಲ್ಲಿ ಮೂರು ಜೇಬಿನ ಬಟ್ಟೆ ಬಿದ್ದದೆ!" ಎಂದು ಕೂಗಿದಳು. ಬಷೀರಾಬಿ ಹಳದಿ ಸಾಟಿನ್ನಿನ ಮುಂದೆ ನಿಂತು ಎದೆ ಬಡಿದುಕೊಂಡಳು. ಅವಳ ಗಂಡ ಹಬ್ಬದ ಶೇರ್ವಾನಿಯ ಗುಂಡಿ ಹಾಕಿಕೊಳ್ಳಬೇಕಾದರೆ ಉಸಿರು ಹಿಡಿಯಬೇಕಿತ್ತು. ನಮಾಜಿಗೆ ಬಗ್ಗಿದಾಗ ಒಂದು ಗುಂಡಿ ಹಾರಿ ಮುಂದಿನ ಸಾಲಿನವರ ಕಿವಿಗೆ ಬಿದ್ದದ್ದೂ ಉಂಟು. ಒಬ್ಬೊಬ್ಬರಾಗಿ ಹೆಂಗಸರೆಲ್ಲ ತಮ್ಮ ತಮ್ಮ ತುಂಡಿನ ಮೇಲೆ ಬೆರಳಿಟ್ಟು ನಿಂತರು.

"ಏನೇ ಅನ್ನಿ, ವಲ್ದಿರೋ ಕೈ ಮಾತ್ರ ಚೆಂದಾಗದೆ," ಎಂದು ಯಾರೋ ಅಂದರು. ಖುರ್ಷೀದಾಳಿಗೆ ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಳ್ಳುವುದು ಬಹಳ ಕಷ್ಟವಾಯಿತು. ಅಷ್ಟು ದಿನ ಕಣ್ಣು ನೋಯಿಸಿಕೊಂಡು ಹೊಲಿದ ಕೆಲಸವನ್ನು ಊರೇ ನಿಂತು ನೋಡುತ್ತಿರುವಾಗ ನನ್ನದು ಎನ್ನಲಾಗದೆ ಹೋಯಿತಲ್ಲ ಎಂದು ಅವಳು ನಿಜಕ್ಕೂ ನೊಂದುಕೊಂಡಳು.

"ನಂದು ನಂಗೆ!" ಎಂದು ಚಿಕ್ಕಸಿದ್ದಮ್ಮ ಎಲೆಯಡಿಕೆ ಚೀಲದಿಂದ ಅಡಕತ್ತರಿ ತೆಗೆದಳು. ಪರದೆಯ ಈ ಮುಖದಲ್ಲಿ ಸೊಳ್ಳೆಯ ಹೊಟ್ಟೆ ಉಬ್ಬಿತು, ತಗ್ಗಿತು. ಗಂಡಸರು ಸೊಳ್ಳೆಗೆ ಜೀವ ಬಂತೆಂದು ಎದ್ದು ನಿಂತರು.

ಇನ್‌ಸ್ಪೆಕ್ಟರು ಪರದೆಯ ಹಿಂದಕ್ಕೆ ಓಡಿದರು. "ನಿಲ್ಲಿಸಿ! ಕೈ ತೆಗೀರಿ! ಇದು ಸರ್ಕಾರದ ಸ್ವತ್ತು! ಒಂದು ಎಳೆ ಕತ್ತರಿಸಿದರೂ ಠಾಣೆಗೆ ಕಳಿಸ್ತೀನಿ!"

"ನಮ್ ಬಟ್ಟೆ ಕಣ್ರೀ ಸ್ವಾಮಿ!"

"ಯಾರ ಬಟ್ಟೆಯಾದರೂ ಆಗಲಿ, ಸರ್ಕಾರದ ಪರದೆಗೆ ಅಸ್ತರಾದ ಮೇಲೆ ಸರ್ಕಾರದ್ದೇ!"

ಠಾಣೆಯ ಹೆಸರು ಕೇಳಿ ಅಡಕತ್ತರಿ ಚೀಲದೊಳಗೆ ಹೋಯಿತು. ಗೌಸನಿಗೆ ಹೋದ ಜೀವ ಅರ್ಧ ಬಂತು. ಸಾಲಿಗ್ರಾಮದಲ್ಲಿ ಅವನ ಹೆಸರು ಮಣ್ಣುಪಾಲಾಗಿತ್ತು, ಸರಿ. ಆದರೆ ಅವನ ಅನ್ನ ಬರುತ್ತಿದ್ದದ್ದು ಹೆಚ್ಚಾಗಿ ಸುತ್ತಲ ಹಳ್ಳಿಗಳಿಂದ. ಚುಂಚನಕಟ್ಟೆ ಇದೆ, ಮಿರ್ಲೆ ಇದೆ, ಭೇರ್ಯ ಇದೆ. ಅಲ್ಲಿಯವರು ಯಾರೂ ಈ ಕೌದಿಯನ್ನು ನೋಡಿಲ್ಲ. ಸರ್ಕಾರ ಇದನ್ನು ಎತ್ತಿಕೊಂಡು ಹೋಗಿ ಯಾವುದಾದರೂ ಬೀರುವಿನಲ್ಲಿಟ್ಟು ಬೀಗ ಹಾಕಿದರೆ ತಾನು ಬದುಕಿದೆ ಎಂದು ಅವನು ಮನಸ್ಸಿನಲ್ಲೇ ಇನ್‌ಸ್ಪೆಕ್ಟರಿಗೆ ಕೈಮುಗಿದ.

ನೀಲಕಂಠಸ್ವಾಮಿಯವರು ಅವನ ಹೆಗಲ ಮೇಲೆ ಕೈಯಿಟ್ಟು ಎಲ್ಲರೂ ಕೇಳುವಂತೆ ಹೇಳಿದರು: "ಇಷ್ಟು ಗಾಳಿಯಲ್ಲೂ ಒಂದಿಷ್ಟೂ ಅಲ್ಲಾಡದ ಪರದೆ ನಾನು ಕಂಡಿಲ್ಲ. ಇಂಥದ್ದನ್ನು ಒಂದೂರಿಗೇ ಬಿಡೋದು ಅನ್ಯಾಯ. ನಾಳೆ ಚುಂಚನಕಟ್ಟೆ, ಆಮೇಲೆ ಮಿರ್ಲೆ, ಭೇರ್ಯ. ತಾಲ್ಲೂಕಿನ ಎಲ್ಲ ಊರಲ್ಲೂ ಇದನ್ನೇ ಕಟ್ಟಿಸ್ತೀನಿ. ಕಟ್ಟೋಕೆ ಗೌಸೇ ಬರಬೇಕು, ಬೇರೆಯವರಿಗೆ ಇದರ ಹದ ಗೊತ್ತಾಗೋಲ್ಲ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ನಕ್ಕವರು ಚಾಮುಂಡಮ್ಮ.

"ಯಾರೂ ಮುಟ್ಬ್ಯಾಡಿ ಕಣ್ರವ್ವ, ಬುಡಿ, ಅಂಗೇ ಇರ್ಲಿ," ಎಂದು ಅವರು ಕೌದಿಯನ್ನು ಸವರಿ ಸುಕ್ಕು ಬಿಡಿಸಿದರು. "ಆ ಮೂಲೇಲಿರೋ ನೀಲಿ ಊವಿಂದು ಯಾರ್ದು ಅಂತ ನೀವ್ಯಾರೂ ಯೋಳ್ನಿಲ್ವಲ್ಲ? ಚುಂಚನಕಟ್ಟೇಲಿರೋ ನನ್ ತಂಗೀದು ಕಣ. ಬೆಳಿಗ್ಗೇನೇ ಯೋಳಿ ಕಳಿಸ್ತೀನಿ."

ಮರುದಿನ ಗೌಸ್ ಇನ್‌ಸ್ಪೆಕ್ಟರ ಗಾಡಿಯಲ್ಲಿ ಕೌದಿಯ ಸುರುಳಿಯ ಮೇಲೆ ಕೂತು ಚುಂಚನಕಟ್ಟೆಗೆ ಹೋದ. ಸುದ್ದಿ ಗಾಡಿಗಿಂತ ಮೊದಲೇ ತಲುಪಿತ್ತು. ಗಳ ನೆಟ್ಟು ಕೌದಿ ಕಟ್ಟಿದ ಮೇಲೆ ನೋಡುತ್ತಾನೆ: ಬಿಳಿಯ ಮುಖದ ಮುಂದೆ ಒಂದು ನಾಯಿ ಬಿಟ್ಟರೆ ಒಂದೂ ಜೀವವಿಲ್ಲ. ಹಿಂಬದಿಯಲ್ಲಿ ಗಂಡಸರು, ಹೆಂಗಸರು, ಮಕ್ಕಳು, ಕೋಲೂರಿಕೊಂಡು ಬಂದ ಮುದುಕರು, ಇಡೀ ಊರೇ ಒತ್ತೊತ್ತಾಗಿ ಕೂತಿತ್ತು.

ಇನ್‌ಸ್ಪೆಕ್ಟರಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅವರು ಕೆಲಸದಲ್ಲಿ ಶ್ರದ್ಧೆಯುಳ್ಳ ಅಧಿಕಾರಿಗಳು ಮಾಡುವುದನ್ನೇ ಮಾಡಿದರು.

"ಜನ ಎತ್ತ ಕೂತಿದ್ದಾರೋ ಅತ್ತ ನಾವು ಹೋಗಬೇಕಪ್ಪ. ಸಣ್ಣಬೀರಯ್ಯ, ದೀಪ ಆ ಕಡೆಗೆ ಸಾಗಿಸು. ಮೊದಲು ಗಾಜು ಹಾಕಬೇಡ, ಬರೀ ಬೆಳಕು ಬಿಡು. ಸರಿಯಾಗಿ ಬೀಳುತ್ತಾ ನೋಡೋಣ."

ಸರ್ಕಾರದ ದೀಪ ಕೌದಿಯ ಮೇಲೆ ಹಗಲಿನಂಥ ಬೆಳಕು ಚೆಲ್ಲಿತು. ಲಾಟೀನಿನಲ್ಲಿ ಮಸುಕಾಗಿ ಕಂಡಿದ್ದ ತುಂಡುಗಳೆಲ್ಲ ಒಂದೊಂದು ಹೂವು, ಒಂದೊಂದು ಪಟ್ಟೆಯ ಸಮೇತ ಝಗ್ಗನೆ ಬೆಳಗಿದವು. ನೀಲಕಂಠಸ್ವಾಮಿಯವರು ಚಿತ್ರ ತೋರಿಸುವ ಉದ್ದನೆಯ ಕೋಲನ್ನು ಗೌಸನ ಕೈಗೆ ಕೊಟ್ಟು, ಇವತ್ತು ನೀನೇ ತೋರಿಸು ಎಂದು ಅವನನ್ನು ಬೆಳಕಿನೊಳಕ್ಕೆ ತಳ್ಳಿದರು.

ಗುಂಪಿನ ನಡುವಿನಿಂದ ಒಬ್ಬ ಹೆಂಗಸು ಎದ್ದು ನಿಂತಳು. ಮುಖ ಥೇಟು ಚಾಮುಂಡಮ್ಮನವರದೇ.

"ಗೌಸಣ್ಣ, ಮ್ಯಾಲ್ಗಡೆಯಿಂದ ಸುರು ಮಾಡಣ್ಣ," ಎಂದಳು ಅವಳು. "ಒಂದೊಂದಾಗಿ ಮುಟ್ಟಿ ತೋರ್ಸು. ಯಾರ್ದು ಅಂತ ನಾವು ಯೋಳ್ತೀವಿ."

"ನೋಡಿದೆಯಾ ಜನಕ್ಕೆ ಎಷ್ಟು ಆಸಕ್ತಿ!" ಎಂದು ಇನ್‌ಸ್ಪೆಕ್ಟರು ಸಂತೋಷದಿಂದ ಗೌಸನ ಬೆನ್ನ ಮೇಲೆ ತಟ್ಟಿದರು. "ಮಿರ್ಲೆಯಲ್ಲೂ ದೀಪ ಈ ಕಡೆಗೇ ಇಡೋಣ."

ಗೌಸ್ ಕೋಲನ್ನು ಎತ್ತಿದ.